ಹೊಲಿಗೆಯಕ್ಕ ಕಾರಿಗೆ ಬಣ್ಣ ಹೊಡೆದದ್ದು

ಹೊಲಿಗೆಯಕ್ಕನ ಅಂಗಳಕ್ಕೆ ಹಳೇ ಕಾರು ತರುವವರು ಅದನ್ನು ಎರಡು ಸಲ ತೊಳೆದು, ಒಣಗಿಸಿ ತರಬೇಕು. ಬಟ್ಟೆಯನ್ನು ಅಳತೆಗೆ ಕೊಡುವಾಗ ತೊಳೆದು ಕೊಡುವುದಿಲ್ಲವೇ, ಹಾಗೆ. ಇದು ಅವಳ ಮೊದಲ ನಿಯಮ. ಬಣ್ಣ ಹೊಡೆಯುವಾಗ ಕಾರಿನ ಮಾಲೀಕ ಪಕ್ಕದಲ್ಲಿ ನಿಂತು ಉಪದೇಶ ಮಾಡಬಾರದು ಎಂಬುದು ಎರಡನೆಯದು. ಇದುವರೆಗೆ ಹನ್ನೊಂದು ಕಾರು, ಒಂದು ಐಸ್‌ಕ್ರೀಮ್ ಗಾಡಿ, ಒಂದು ತೊಟ್ಟಿಲು ಅವಳ ಕೈಯಲ್ಲಿ ಬಣ್ಣ ಕಂಡಿವೆ. ಎಲ್ಲವೂ ಮನೆಯ ಕಸ ಎಳೆಯುವ ವ್ಯಾಕ್ಯೂಮ್ ಯಂತ್ರದಿಂದಲೇ. ಮಿಕ್ಕ ಹತ್ತು ಕಾರುಗಳು ಬುದ್ಧಿ ಬಂದ ಮೇಲಿನವು. ಈ ಕಥೆ ಮೊದಲನೆಯದರದು.

ಅವಳಿಗೆ ಆಗ ಐವತ್ತಾರು. ಮನೆಯ ಮುಂದಿನ ಕೋಣೆಯೇ ಅಂಗಡಿ. ತುಳಿಯುವ ಹೊಲಿಗೆ ಯಂತ್ರ ಒಂದು, ಬಟ್ಟೆ ಕತ್ತರಿಸುವ ಮೇಜು ಒಂದು, ಗೋಡೆಯ ಮೊಳೆಗಳಿಗೆ ಸಿಕ್ಕಿಸಿದ ಬಣ್ಣಬಣ್ಣದ ದಾರದ ಉಂಡೆಗಳು. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ದಿಂಬಿನ ಚೀಲ, ಏನು ಕೊಟ್ಟರೂ ಹೊಲಿಯುತ್ತಿದ್ದಳು. ಅಕ್ಷರದ ಜೊತೆ ಅವಳದು ದೂರದ ನಂಟು. ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರಿಗೆ ಬದಲು ಚಿತ್ರ ಬರೆಯುತ್ತಿದ್ದಳು: ಕನ್ನಡಕದವರಿಗೆ ಎರಡು ಸೊನ್ನೆ, ಮೀಸೆಯವರಿಗೆ ಒಂದು ಗೀಟು, ಮಾತು ಜಾಸ್ತಿ ಇರುವವರಿಗೆ ತೆರೆದ ಬಾಯಿ. ನಾದಿನಿಯ ಪುಟದಲ್ಲಿ ಬಾಯಿ ಒಂದೇ ಪುಟದ ತುಂಬ ಇತ್ತು. ಆದರೆ ಅವಳ ಅಳತೆ ಕೂದಲೆಳೆಯಷ್ಟು ತಪ್ಪಿದ್ದನ್ನು ಕಂಡವರಿಲ್ಲ.

ಗಂಡ ಡ್ರೈವಿಂಗ್ ಶಾಲೆಯ ಮಾಸ್ಟರು. ಶಾಲೆ ಎಂದರೆ ಅವರೊಬ್ಬರು ಮತ್ತು ಅವರ ಕಾರೊಂದು. ಇಪ್ಪತ್ತೇಳು ವರ್ಷಗಳಲ್ಲಿ ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದ್ದರು. ಮಿಕ್ಕರ್ಧ ಊರಿಗೆ ರಸ್ತೆ ದಾಟುವಾಗ ಹುಷಾರಾಗಿರಲು ಕಲಿಸಿದ್ದರು. ಕಾರಿನ ಮೈಮೇಲಿನ ಒಂದೊಂದು ತಗ್ಗೂ ಒಬ್ಬೊಬ್ಬ ಶಿಷ್ಯರ ನೆನಪು. "ಇದು ಹಲ್ಲಿನ ಡಾಕ್ಟ್ರದ್ದು, ಇದು ಅಂಚೆಯವ್ರದ್ದು, ಈ ಉದ್ದದ್ದು ಇದೆಯಲ್ಲ, ಇದು ನನ್ನ ತಂಗೀದು" ಎಂದು ಬಂದವರಿಗೆಲ್ಲ ಕೈಯಾಡಿಸಿ ತೋರಿಸುತ್ತಿದ್ದರು. ಎರಡು ಬಾಗಿಲು ಬೂದು ಬಣ್ಣ, ಒಂದು ಕೆಂಪು. ನಾಲ್ಕನೆಯದರ ಬಣ್ಣ ಇಂಥದೇ ಎಂದು ಎದೆ ತಟ್ಟಿ ಹೇಳುವವರು ಯಾರೂ ಇರಲಿಲ್ಲ.

ಆ ವರ್ಷ ಸಾರಿಗೆ ಕಚೇರಿಯಿಂದ ಒಂದು ಕಾಗದ ಬಂತು. ಡ್ರೈವಿಂಗ್ ಶಾಲೆಯ ಕಾರುಗಳೆಲ್ಲ ಇನ್ನು ಮುಂದೆ ಪೂರ್ತಿ ಹಳದಿ ಇರಬೇಕು. ಇನ್ಸ್‌ಪೆಕ್ಟರ್ ಮನೆಗೇ ಬಂದು ನೋಡುತ್ತಾರೆ. ಹಳದಿ ಇದ್ದರೆ ಪರವಾನಗಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಶಾಲೆಗೆ ಬೀಗ. ಮಾಸ್ಟರು ಕಾಗದವನ್ನು ಭದ್ರವಾಗಿ ಕಾರಿನ ಸೀಟಿನ ಕೆಳಗೆ ಇಟ್ಟರು. ಎಷ್ಟು ಭದ್ರವೆಂದರೆ ಅವರಿಗೇ ಮರೆತುಹೋಯಿತು. ಒಂದು ಶನಿವಾರ ಚಿಲ್ಲರೆ ಹುಡುಕುವಾಗ ಸಿಕ್ಕಿತು. ತಪಾಸಣೆ ಬರುವ ಗುರುವಾರ ಹನ್ನೊಂದು ಗಂಟೆಗೆ! ಓಡಿದರು. ಬಣ್ಣದ ಗ್ಯಾರೇಜುಗಳ ಮುಂದೆ ಬೇರೆ ಡ್ರೈವಿಂಗ್ ಶಾಲೆಗಳ ಕಾರುಗಳು ಮೂರು ವಾರದ ಸಾಲು ನಿಂತಿದ್ದವು. ಮನೆಗೆ ಬಂದವರೇ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಳಿತರು.

"ಮುಗೀತು ಕಣೇ. ಇನ್ನು ನಾನು ಮನೇಲೇ ಇರೋದು."

ಆ ಮಾತು ಕೇಳಿ ಹೊಲಿಗೆಯಕ್ಕನ ಕೈಯಿಂದ ಕತ್ತರಿ ಜಾರಿತು. ಅವರು ಹಿಂದೊಮ್ಮೆ ಕಾಲು ಮುರಿದುಕೊಂಡು ಆರು ವಾರ ಮನೆಯಲ್ಲಿದ್ದರು. ಆಗ ಕುರ್ಚಿಯಲ್ಲಿ ಕುಳಿತೇ ಮನೆಯನ್ನೆಲ್ಲ ಓಡಿಸಿದ್ದರು. ಅವಳು ಹೊಲಿಗೆ ಯಂತ್ರ ತುಳಿದರೆ "ಕಾಲು ಹಗುರ, ಕಾಲು ಹಗುರ!" ಒಲೆಯಿಂದ ನಲ್ಲಿಯ ಕಡೆ ಹೊರಳಿದರೆ "ಕೈ ತೋರಿಸಿ ತಿರುಗಬಾರದಾ?" ಹಾಲಿನ ಪಾತ್ರೆ ಹಿಡಿದು ಎರಡು ಹೆಜ್ಜೆ ಹಿಂದಿಟ್ಟರೆ "ಹಿಂದೆ ನೋಡದೆ ಹಿಂದಕ್ಕೆ ಹೋಗ್ತಾರೇನೇ!" ಆ ಆರು ವಾರದಲ್ಲಿ ಅವಳು ಎರಡು ಅಂಗಿಗಳಿಗೆ ಮೂರು ಮೂರು ತೋಳು ಹೊಲಿದಿದ್ದಳು. ಇನ್ನು ಬದುಕಿರುವಷ್ಟು ಕಾಲವೂ ಹಾಗೇ ಎಂದರೆ? ಶಾಲೆ ಉಳಿಯುವುದು ಅವರಿಗೆ ಮಾನದ ಪ್ರಶ್ನೆ. ಅವಳಿಗೆ ಪ್ರಾಣದ ಪ್ರಶ್ನೆ.

"ನಾನು ಹೊಡೀತೀನಿ ಬಣ್ಣ," ಎಂದಳು.

"ಅಂಗಿ ಹೊಲಿದಷ್ಟು ಸುಲಭ ಅಂದ್ಕೊಂಡ್ಯಾ?"

"ಅಂಗಿಯೊಳಗೆ ಮನುಷ್ಯ ಇರ್ತಾನೆ ಕಣ್ರೀ. ಉಸಿರಾಡ್ತಾನೆ, ದಪ್ಪ ಆಗ್ತಾನೆ, ಜಗಳಕ್ಕೆ ಬರ್ತಾನೆ. ಇದು ಪಾಪ ಸುಮ್ನೆ ನಿಂತಿರುತ್ತೆ."

ಅವಳ ಹತ್ತಿರ ಒಂದು ವ್ಯಾಕ್ಯೂಮ್ ಇತ್ತು. ನಾದಿನಿ ಹೊಸದು ಕೊಂಡಾಗ ಹಳೆಯದನ್ನು ದೊಡ್ಡ ಉಪಕಾರವೆಂಬಂತೆ ಅತ್ತಿಗೆಗೆ ದಾಟಿಸಿದ್ದಳು. ಹೊಲಿಗೆ ಯಂತ್ರದ ಕೆಳಗೆ ಬೀಳುವ ದಾರದ ತುಂಡು, ಬಟ್ಟೆಯ ನವಿರು ಎಳೆಯುವುದಕ್ಕೆ ಮಾತ್ರ ಅದರ ಬಳಕೆ. ಅದಕ್ಕೆ ಎರಡು ಬಾಯಿ: ಮುಂದಿನದು ಗಾಳಿ ಎಳೆಯುತ್ತದೆ, ಹಿಂದಿನದು ಗಾಳಿ ಊದುತ್ತದೆ. ಉದ್ದನೆಯ ಕೊಳವೆಯನ್ನು ಹಿಂದಿನ ಬಾಯಿಗೆ ಸಿಕ್ಕಿಸಿದರೆ ಊದುವ ಯಂತ್ರವಾಯಿತು. ಭಾನುವಾರವಿಡೀ ಅವಳು ಅದರ ಮುಂದೆ ಕುಳಿತಳು. ಜಾಮಿನ ಬಾಟಲಿಯ ಮುಚ್ಚಳಕ್ಕೆ ಎರಡು ತೂತು ಮಾಡಿದಳು. ಒಂದರಿಂದ ಗಾಳಿ ಒಳಹೊಕ್ಕು ಬಣ್ಣವನ್ನು ಒತ್ತಬೇಕು. ಇನ್ನೊಂದರಲ್ಲಿ ಸಿಕ್ಕಿಸಿದ ಖಾಲಿ ಪೆನ್ನಿನ ಕೊಳವೆಯಿಂದ ಬಣ್ಣ ಮೇಲೇರಬೇಕು. ಎಣ್ಣೆ ಸುರಿಯುವ ಲಾಳಿಕೆಯ ಸಣ್ಣ ಬಾಯಿಂದ ನುಗ್ಗುವ ಗಾಳಿ ಅದನ್ನು ತುಂತುರು ಮಾಡಿ ಚಿಮ್ಮಬೇಕು. ಆರು ಸಲ ಚಿಮ್ಮಲಿಲ್ಲ. ಏಳನೆಯ ಸಲ ಚಿಮ್ಮಿತು, ಮಾಸ್ಟರ ಬನಿಯನ್ನಿನ ಮೇಲೆ. ಎಂಟನೆಯ ಸಲ ಒಡೆದ ಬಕೆಟ್ಟಿನ ಮೇಲೆ ಹೊಡೆದು ನೋಡಿದಳು. ಹಳದಿ ಬಣ್ಣ ಹಾಲಿನ ಕೆನೆಯಂತೆ ನುಣ್ಣಗೆ ಕೂತಿತು.

ಸೋಮವಾರ ಮಾಸ್ಟರು ಸ್ಯಾಂಡ್‌ಪೇಪರು ಹಿಡಿದು ಕಾರಿನ ಮೈ ಉಜ್ಜಿದರು, ತಗ್ಗುಗಳಿಗೆ ಪುಟ್ಟಿ ತುಂಬಿದರು. ಒಂದೊಂದು ತಗ್ಗು ಮುಚ್ಚುವಾಗಲೂ ಆ ಶಿಷ್ಯರ ಹೆಸರು ಹೇಳಿ ನಿಟ್ಟುಸಿರು ಬಿಟ್ಟರು. ಗಾಜು, ದೀಪ, ಚಕ್ರಗಳಿಗೆ ಬಣ್ಣ ತಾಗಬಾರದಲ್ಲ, ಬೇರೆಯವರಾದರೆ ಹಳೇ ಪೇಪರು ಅಂಟಿಸುತ್ತಿದ್ದರು. ಹೊಲಿಗೆಯಕ್ಕ ಟೇಪು ಹಿಡಿದು ಅಳತೆ ತೆಗೆದಳು. ನಾಲ್ಕು ಚಕ್ರಕ್ಕೆ ಎಲಾಸ್ಟಿಕ್ ಹಾಕಿದ ನಾಲ್ಕು ಟೊಪ್ಪಿ, ಕನ್ನಡಿಗಳಿಗೆ ದಾರ ಎಳೆದು ಬಿಗಿಯುವ ಚೀಲ, ಗಾಜುಗಳಿಗೆ ಅಂಚು ಮಡಚಿ ಹೊಲಿದ ಹೊದಿಕೆ.

ಸಂಜೆ ನಾದಿನಿ ಬಂದಳು. ಕಾರನ್ನು ಒಂದು ಸುತ್ತು ಹಾಕಿ ನೋಡಿದಳು.

"ಅಯ್ಯೋ ಅತ್ತಿಗೆ, ಕಾರಿಗೆ ಒಳಉಡುಪು ಹೊಲಿದಿದ್ದೀರಾ?"

"ಹೂಂ ಕಣಮ್ಮ. ನಿಂಗೂ ಒಂದು ಹೊಲಿದುಕೊಡ್ಲಾ, ಬಾಯಿಗೆ?"

ನಾದಿನಿಗೆ ನಗು ಬಂದರೂ ಸೋಲಲು ಮನಸ್ಸಾಗಲಿಲ್ಲ. ಮುಚ್ಚಳ ತೆಗೆದಿಟ್ಟಿದ್ದ ವ್ಯಾಕ್ಯೂಮಿನೊಳಗೆ ಇಣುಕಿದಳು. ಒಳಗೆ ಕಸ ತುಂಬಿಕೊಳ್ಳುವ ಚೀಲ ಇರುತ್ತದೆ. ಕಂಪನಿಯ ಚೀಲ ಎಂದೋ ಹರಿದು, ಹೊಲಿಗೆಯಕ್ಕ ತೆಳ್ಳನೆಯ ಜಾಲರಿ ಬಟ್ಟೆಯಿಂದ ಒಂದನ್ನು ಅವಸರದಲ್ಲಿ ಹೊಲಿದು ಹಾಕಿದ್ದಳು.

"ಇದೇನು ಅತ್ತಿಗೆ, ಹೊಲಿಗೆ ಹೊರಗೆ ಕಾಣ್ತಿದೆ? ಊರಿಗೆಲ್ಲ ಹೊಲಿಯೋರ ಮನೇಲಿ ಚೀಲ ಉಲ್ಟಾ!"

ಆ ಮಾತು ನೆಟ್ಟಗೆ ಹೋಗಿ ನಾಟಿತು. ಹೊಲಿಗೆಯಕ್ಕನನ್ನು ಕರಿ ಎನ್ನಿ, ಕುಳ್ಳಿ ಎನ್ನಿ, ಅವಳಿಗೆ ಬೇಸರವಿಲ್ಲ. ಉಲ್ಟಾ ಹೊಲಿದವಳು ಎನ್ನಬಾರದು. ನಾದಿನಿ ಅತ್ತ ಹೋದದ್ದೇ ತಡ, ಚೀಲವನ್ನು ಹೊರಗೆ ತೆಗೆದಳು, ಮೂರು ಸಲ ಕೊಡವಿದಳು, ಹೊಲಿಗೆ ಒಳಗೆ ಹೋಗುವಂತೆ ತಿರುವಿ ಮತ್ತೆ ಕೂರಿಸಿದಳು. ಈಗ ನೋಡಲು ಲಕ್ಷಣವಾಗಿತ್ತು. ಆದರೆ ನಾಲ್ಕು ವರ್ಷ ಚೀಲದ ಒಳಮೈಗೆ ಹತ್ತಿಯ ಹಾಸಿಗೆಯಂತೆ ಅಂಟಿಕೊಂಡಿದ್ದ ನವಿರೆಲ್ಲ ಈಗ ಹೊರಮೈಗೆ ಬಂದಿತ್ತು, ಗಾಳಿ ಊದುವ ದಾರಿಯಲ್ಲೇ. ಮೂರು ಕೊಡವಿಗೆಲ್ಲ ಹೋಗುವ ನವಿರು ಅದಾಗಿರಲಿಲ್ಲ. ಇದು ಅವಳಿಗೆ ಹೊಳೆಯಲಿಲ್ಲ. ಲೋಕದಲ್ಲಿ ಇನ್ಯಾರಾಗಿದ್ದರೂ ಆ ಚೀಲವನ್ನು ಹಾಗೇ ಬಿಡುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಗಾಳಿಯಿಲ್ಲ, ಒಳ್ಳೆಯ ಬಿಸಿಲು. ಅಂಗಳದ ಸುತ್ತ ಹಳೇ ಪರದೆಗಳನ್ನು ಕಟ್ಟಿದ್ದಾಯಿತು. ಹೊಲಿಗೆಯಕ್ಕ ಮೂಗಿಗೆ ಬಟ್ಟೆ ಕಟ್ಟಿ, ಕಣ್ಣಿಗೆ ಬಣ್ಣ ಹಾರದಿರಲೆಂದು ಗಂಡನ ಹೆಲ್ಮೆಟ್ ಹಾಕಿ, ಅದರ ಗಾಜು ಇಳಿಸಿದಳು. ಬಣ್ಣವನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿದಳು. ಯಂತ್ರ ಹಾಕಿದಾಗ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಅವಳು ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ, ಹೊಲಿಗೆ ಹಾಕುವ ಲೆಕ್ಕದಲ್ಲೇ ನಿಧಾನವಾಗಿ ಹೊಡೆದುಕೊಂಡು ಹೋದಳು. ಹೆಲ್ಮೆಟ್ಟಿನ ಗಾಜಿಗೂ ಹಳದಿ ತುಂತುರು ಕೂತು, ಕಾಲು ಗಂಟೆಯಲ್ಲಿ ಅವಳಿಗೆ ಕಾರು, ಗೋಡೆ, ಆಕಾಶ ಎಲ್ಲ ಒಂದೇ ಸಮನೆ ಚೆಂದ ಕಂಡವು. ಒಂದೂವರೆ ಗಂಟೆಯ ಮೇಲೆ ಯಂತ್ರ ಆರಿಸಿ, ಹೆಲ್ಮೆಟ್ ತೆಗೆದಳು.

ಕಾರಿಗೆ ರೋಮ ಬಂದಿತ್ತು.

ಬಾನೆಟ್ಟಿನ ಮೇಲೆ, ಟಾಪಿನ ಮೇಲೆ, ನಾಲ್ಕೂ ಬಾಗಿಲ ಮೇಲೆ, ಮೊಟ್ಟೆಯೊಡೆದು ಆಗತಾನೇ ಬಂದ ಕೋಳಿಮರಿಯಂತೆ ಹಳದಿ ನವಿರು ನಿಮಿರಿ ನಿಂತಿತ್ತು. ಸಣ್ಣಗೆ ಗಾಳಿ ಬೀಸಿತು. ಕಾರು ಜುಮ್ಮೆಂದಿತು.

ಮಾಸ್ಟರು ಪರದೆ ಸರಿಸಿ ನೋಡಿದರು. ಹತ್ತಿರ ಬಂದು ಬಗ್ಗಿ, ಕಾರಿನ ಕೆಳಗೂ ಇಣುಕಿದರು.

"ಇವಳೇ," ಎಂದರು ಕೊನೆಗೆ, "ಇದು ಮರಿ ಹಾಕುತ್ತಾ?"

ಹೊಲಿಗೆಯಕ್ಕ ಅಳಲಿಲ್ಲ. ಯಂತ್ರದ ಮುಚ್ಚಳ ತೆಗೆದು, ಚೀಲ ನೋಡಿ, ಬೆರಳಿಂದ ಒಮ್ಮೆ ಸವರಿದಳು. ಎಲ್ಲ ಅರ್ಥವಾಯಿತು. "ತಿರುವಿದ್ದು ನಾನೇ," ಎಂದಳು. ನಾದಿನಿಯ ಹೆಸರು ಎತ್ತಲಿಲ್ಲ. ಚೀಲವನ್ನು ಕಿತ್ತು ಬಿಸಾಡಿ, ಒಳಗನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೇ ಪಂಚೆಯ ದಪ್ಪ ಬಟ್ಟೆಯಿಂದ ಹೊಸ ಚೀಲ ಹೊಲಿದಳು. ಯಂತ್ರವೇನೋ ಸರಿಹೋಯಿತು. ಕಾರಿನ ರೋಮಕ್ಕೆ ಏನು ಮಾಡುವುದು? ಅವಳು ಬೆಳಿಗ್ಗೆ ತನಕ ಒಣಗಲು ಬಿಟ್ಟು, ಬುಧವಾರ ಸ್ಯಾಂಡ್‌ಪೇಪರು ಹಾಕಿ ನೋಡಿದಳು. ಪೇಪರಿನ ತುಂಬ ನವಿರು ಸಿಕ್ಕಿಕೊಂಡು ಅದಕ್ಕೂ ರೋಮ ಬಂತು.

ಬೇಲಿಯಾಚೆಯಿಂದ ಒಂದು ತಲೆ ಎದ್ದಿತು. ಪಕ್ಕದ ಮನೆಯ ಸಲೂನಿನವನು. ನಲವತ್ತರ ಆಸುಪಾಸು, ಬುಧವಾರ ಮಧ್ಯಾಹ್ನದವರೆಗೆ ಅವನಿಗೆ ರಜ. ಹಲ್ಲುಜ್ಜುತ್ತಲೇ ಅರ್ಧ ಗಂಟೆಯಿಂದ ನೋಡುತ್ತಿದ್ದ.

"ಅಕ್ಕಾ, ನೀವು ಅದಕ್ಕೆ ನೋವು ಮಾಡ್ತಿದ್ದೀರಿ. ಒಣಗಿದ ಗಡ್ಡಕ್ಕೆ ಯಾರಾದ್ರೂ ಕೈ ಹಾಕ್ತಾರಾ? ಮೊದಲು ಸೋಪು ಹಚ್ಬೇಕು."

"ತಮಾಷೆ ಮಾಡ್ಬೇಡಪ್ಪ, ನಾಳೆ ಹನ್ನೊಂದಕ್ಕೆ ನಮ್ಮ ಗತಿ ಏನಾಗುತ್ತೋ ಅಂತ ನಾನಿದ್ದೀನಿ."

"ತಮಾಷೆ ಅಲ್ಲಕ್ಕ. ಬ್ಲೇಡನ್ನ ಮಲಗಿಸಿ ಹಿಡಿದ್ರೆ ಕೂದಲು ಮಾತ್ರ ಹೋಗುತ್ತೆ, ಚರ್ಮಕ್ಕೆ ಏನೂ ಆಗಲ್ಲ. ತಾಳಿ, ಸಾಮಾನು ತರ್ತೀನಿ."

ತಂದ. ಬಟ್ಟಲಲ್ಲಿ ನೊರೆ ಎಬ್ಬಿಸಿ, ಬ್ರಷ್ಷಿನಿಂದ ಬಾನೆಟ್ಟಿಗೆ ಹಚ್ಚಿ, ಬ್ಲೇಡು ಮಲಗಿಸಿ ಒಂದು ಎಳೆತ ಎಳೆದ. ನುಣ್ಣನೆಯ ಹಳದಿ ಪಟ್ಟಿಯೊಂದು ಮೂಡಿತು. ಹೊಲಿಗೆಯಕ್ಕ ಬೆರಳಿನಿಂದ ಸವರಿ ನೋಡಿ, ಅವನ ಕೈಯಿಂದ ಇನ್ನೊಂದು ಬ್ಲೇಡು ಇಸಕೊಂಡಳು. ಇಬ್ಬರೂ ಎರಡು ಕಡೆಯಿಂದ ಶುರುಮಾಡಿದರು. ಮಾಸ್ಟರಿಗೆ ನೊರೆ ಎಬ್ಬಿಸುವ ಕೆಲಸ.

"ಮಾಸ್ಟ್ರೇ, ಕೆನ್ನೆ ಈ ಕಡೆ ತಿರುಗಿಸಿ," ಎಂದ ಸಲೂನಿನವನು ಅಭ್ಯಾಸಬಲದಿಂದ. ಮಾಸ್ಟರು ತಮ್ಮ ಕೆನ್ನೆಯನ್ನೇ ತಿರುಗಿಸಿದರು. ಅವನು ಮುಂದಿನ ಬಾಗಿಲಿಗೆ ಹೇಳಿದ್ದ.

ನಾದಿನಿ ಸುದ್ದಿ ಕೇಳಿ ಓಡಿ ಬಂದಳು. ನೊರೆ ಮೆತ್ತಿಕೊಂಡು ನಿಂತ ಕಾರನ್ನು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮೀಸೆ ಬಿಡ್ತೀರೋ, ಅದೂ ತೆಗೀತೀರೋ?" ಎಂದು ಕೇಳಿದಳು. ನಕ್ಕು ಸುಸ್ತಾದ ಮೇಲೆ ಸೆರಗು ಸಿಕ್ಕಿಸಿ ಬಕೆಟ್ಟಿನಲ್ಲಿ ನೀರು ಹೊತ್ತಳು.

ಮಧ್ಯಾಹ್ನ ಎರಡಕ್ಕೆ ಬಾನೆಟ್ಟು, ಟಾಪು, ಡಿಕ್ಕಿ, ಮೂರು ಬಾಗಿಲು ನುಣ್ಣಗಾದವು. ಎಡಗಡೆಯ ಹಿಂದಿನ ಬಾಗಿಲೊಂದು ಉಳಿಯಿತು. ಸಲೂನಿನವನು ಅಂಗಡಿ ತೆಗೆಯಬೇಕು, ಬಿಸಿಲು ಇಳಿಯುವುದರೊಳಗೆ ಬಣ್ಣ ಬಿದ್ದು ಒಣಗಬೇಕು. ಹೊಲಿಗೆಯಕ್ಕ ಒಂದು ಕ್ಷಣ ಆ ಬಾಗಿಲನ್ನು ನೋಡಿದಳು, ಒಂದು ಕ್ಷಣ ಸೂರ್ಯನನ್ನು ನೋಡಿದಳು. ಯಂತ್ರ ಹಾಕಿದಳು. ಈ ಸಲ ಹೆಲ್ಮೆಟ್ಟಿನ ಗಾಜನ್ನು ಹತ್ತು ನಿಮಿಷಕ್ಕೊಮ್ಮೆ ಒರೆಸಿದಳು. ರೋಮದ ಬಾಗಿಲೊಂದು ಬಿಟ್ಟು ಉಳಿದದ್ದೆಲ್ಲ ಕೆನೆಗಟ್ಟಿದ ಹಾಲಿನಂತೆ ಕೂತಿತು.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಇನ್ಸ್‌ಪೆಕ್ಟರ್ ಮೇಡಂ ಬಂದರು. ಕುಳ್ಳಗಿನ ಆಸಾಮಿ; ಕಂಕುಳಲ್ಲಿ ಅವರಿಗಿಂತ ಸ್ವಲ್ಪವೇ ಚಿಕ್ಕದಾದ ಫೈಲು. ಮಾಸ್ಟರು ಬೆಳಗಿನ ಜಾವವೇ ಕಾರಿನ ಎಡಮಗ್ಗುಲನ್ನು ಗೋಡೆಗೆ ಎಷ್ಟು ಒತ್ತಿ ನಿಲ್ಲಿಸಿದ್ದರೆಂದರೆ ನಡುವೆ ಇರುವೆ ಹೋಗಬೇಕಾದರೂ ಉಸಿರು ಬಿಗಿಹಿಡಿಯಬೇಕಿತ್ತು.

ಮೇಡಂ ಬಾನೆಟ್ಟು ನೋಡಿದರು, ತುದಿಗಾಲಲ್ಲಿ ನಿಂತು ಟಾಪಿನ ಮೇಲೆ ಇಣುಕಿದರು, ಬಲಮಗ್ಗುಲು ನೋಡಿದರು.

"ಆ ಕಡೆ?"

"ಆ ಕಡೆನೂ ಈ ಕಡೆ ತರಾನೇ ಮೇಡಂ," ಎಂದರು ಮಾಸ್ಟರು.

"ಗೋಡೆ ಸರಿಸ್ತೀರೋ, ಕಾರು ಸರಿಸ್ತೀರೋ?"

ಇಪ್ಪತ್ತೇಳು ವರ್ಷ ಕಾರು ಕಲಿಸಿದ ಮನುಷ್ಯ ಅಂದು ಮೂರು ಸಲ ಎಂಜಿನ್ ಆಫ್ ಮಾಡಿಕೊಂಡರು. ನಾಲ್ಕನೆಯ ಸಲಕ್ಕೆ ಕಾರು ಗೋಡೆ ಬಿಟ್ಟು ಮುಂದೆ ಸರಿದು, ಎಡಗಡೆಯ ಹಿಂದಿನ ಬಾಗಿಲು ಬಿಸಿಲಿಗೆ ಬಂತು. ಬಿಸಿಲಿನಲ್ಲಿ ಅದು ಇನ್ನೂ ಸೊಂಪಾಗಿ ಕಂಡಿತು.

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನಿದು?"

"ಇದು... ಸದ್ದು ಕಡಿಮೆ ಮಾಡುತ್ತೆ ಮೇಡಂ," ಎಂದರು ಮಾಸ್ಟರು.

"ಹೊಸ ಫ್ಯಾಷನ್ನು," ಎಂದಳು ನಾದಿನಿ. "ದೊಡ್ಡ ದೊಡ್ಡೋರ ಕಾರಿಗೆಲ್ಲ ಈಗ ಹೀಗೇನೇ."

ಹೊಲಿಗೆಯಕ್ಕ ಇಬ್ಬರನ್ನೂ ಕೈಸನ್ನೆಯಲ್ಲೇ ಸುಮ್ಮನಾಗಿಸಿ ಮುಂದೆ ಬಂದಳು. ಮೊದಲಿನಿಂದ ಕೊನೆಯವರೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಜಾಮಿನ ಬಾಟಲಿ, ಪೆನ್ನಿನ ಕೊಳವೆ, ಜಾಲರಿ ಚೀಲ, ತಿರುವಿದ್ದು, ರೋಮ ಬಂದದ್ದು, ಕ್ಷೌರ ಮಾಡಿದ್ದು, ಹೊತ್ತು ಸಾಲದೆ ಒಂದು ಬಾಗಿಲು ಉಳಿದದ್ದು. ಮಾತು ಕ್ಷೌರದ ಹತ್ತಿರ ಬಂದಾಗ ಮೇಡಂ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಫೈಲು ಸ್ವಲ್ಪ ಹೊತ್ತು ಅಲುಗಿತು. ಕೆಳಗಿಳಿಸಿದಾಗ ಮುಖ ಗಂಭೀರವಾಗಿತ್ತು.

"ನೋಡಿಯಮ್ಮ, ನಿಯಮದಲ್ಲಿ ಪೂರ್ತಿ ಹಳದಿ ಇರ್ಬೇಕು ಅಂತಿದೆ. ಕೂದಲು ಇರಬಾರದು ಅಂತ ಎಲ್ಲೂ ಬರೆದಿಲ್ಲ." ಅವರು ಬಗ್ಗಿ, ಮಗುವಿನ ತಲೆಯಲ್ಲಿ ಹೇನು ನೋಡುವವರಂತೆ ಬಾಗಿಲಿನ ರೋಮವನ್ನು ಎರಡು ಉಗುರಿನಿಂದ ಬಿಡಿಸಿ ನೋಡಿದರು. "ಬುಡದಲ್ಲೂ ಹಳದಿ." ಇನ್ನೊಂದು ಕಡೆ ಬಿಡಿಸಿದರು. "ಇಲ್ಲೂ ಹಳದಿ." ಹಿಡಿಯ ಕೆಳಗೆ ಬಿಡಿಸಿದವರು ಕೈ ನಿಲ್ಲಿಸಿದರು. "ಇದು ನೀಲಿ."

ಎಲ್ಲರೂ ಬಗ್ಗಿದರು. ನಿಜ. ಶಾಲೆಯ ಸಮವಸ್ತ್ರದ ಗಟ್ಟಿ ನೀಲಿ ದಾರದ ತುಂಡೊಂದು, ಅರ್ಧ ಬೆರಳುದ್ದ, ಬುಡ ಬಣ್ಣದಲ್ಲಿ ಹೂತು, ತುದಿ ಹೊರಗೆ ಇಣುಕುತ್ತಿತ್ತು.

"ಪೂರ್ತಿ ಹಳದಿ ಅಂದ್ರೆ ಪೂರ್ತಿ ಹಳದಿ," ಎಂದು ಮೇಡಂ ಪೆನ್ನು ಹೊರತೆಗೆದರು. ಮಾಸ್ಟರ ಮುಖವೂ ನೀಲಿಯಾಯಿತು.

ಹೊಲಿಗೆಯಕ್ಕ ಏನೂ ಯೋಚಿಸಲಿಲ್ಲ. ನಲವತ್ತು ವರ್ಷದಿಂದ ಹೊಲಿಗೆ ಮುಗಿದಾಗಲೆಲ್ಲ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಮೊಣಕಾಲೂರಿ ಕೂತು, ಬಾಗಿಲಿಗೆ ಮೂಗು ತಾಗಿಸಿ, ದಾರವನ್ನು ಹಲ್ಲಿನಿಂದ ಬುಡಕ್ಕೇ ಕಟ್ಟೆಂದು ಕಚ್ಚಿ ತೆಗೆದಳು. ದಾರದ ತುಂಡನ್ನು ಪಕ್ಕಕ್ಕೆ ಉಗಿದು ಎದ್ದು ನಿಂತಳು.

"ಈಗ ನೋಡಿ ಮೇಡಂ."

ಮೇಡಂ ನೋಡಿದರು. "ಈಗ ಹಳದಿ," ಎಂದು ಬಾನೆಟ್ಟಿನ ಮೇಲೆ ಫೈಲಿಟ್ಟು ಸಹಿ ಹಾಕಿ, ಮುದ್ರೆ ಒತ್ತಿದರು. ಗೇಟು ದಾಟುವವರೆಗೆ ಬಿಗಿಯಾಗಿ ನಡೆದರು. ಗೇಟಿನಾಚೆ ಜೋರಾಗಿ ನಕ್ಕದ್ದು ಎಲ್ಲರಿಗೂ ಕೇಳಿಸಿತು.

ಮಾಸ್ಟರಿಗೆ ರೆಕ್ಕೆ ಬಂದಂತಾಯಿತು. ಐದು ದಿನದಿಂದ ಪಾಠವಿಲ್ಲದೆ ಕಾದಿದ್ದ ಔಷಧಿ ಅಂಗಡಿಯ ಹೆಂಗಸು ಗೇಟಿನಲ್ಲೇ ನಿಂತಿದ್ದಳು. "ಬಾರಮ್ಮ, ಹತ್ತು! ಇವತ್ತು ಮುಖ್ಯ ರಸ್ತೆಗೇ ಹೋಗೋಣ" ಎಂದು ಅವಳನ್ನು ಚಾಲಕರ ಸೀಟಿಗೆ ಕೂರಿಸಿ ತಾವು ಪಕ್ಕದಲ್ಲಿ ಕೂತರು. ಆಗ ಹೊಲಿಗೆಯಕ್ಕ ಬಟ್ಟಲು ತುಂಬ ನೊರೆ, ಕೈಯಲ್ಲಿ ಬ್ಲೇಡು ಹಿಡಿದು ಬಂದು ಹಿಂದಿನ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತಳು.

"ಏನೇ ಇದು? ಪಾಸಾಯ್ತಲ್ಲ!"

"ಅವರು ಪಾಸ್ ಮಾಡಿದ್ರು. ನಾನು ಮಾಡಿಲ್ಲ."

"ರಸ್ತೆಗೆ ಹೋಗ್ಬೇಕು ಕಣೇ!"

"ಅರ್ಧ ಹೊಲಿದ ಅಂಗಿ ನನ್ನ ಅಂಗಡಿಯಿಂದ ಯಾವತ್ತಾದ್ರೂ ಹೊರಗೆ ಹೋಗಿದೆಯೇನ್ರೀ? ಅಲ್ಲೇ ಕೂತು ಪಾಠ ಮಾಡಿ. ಅಲ್ಲಾಡಿಸಬೇಡಿ ಮಾತ್ರ."

ಮಾಸ್ಟರು ಶಿಷ್ಯೆಯ ಕಡೆ ತಿರುಗಿದರು. "ಸರಿಯಮ್ಮ. ಇವತ್ತು ನಿಂತಲ್ಲೇ ಗೇರು. ಎಂಜಿನ್ ಹಾಕಬೇಡ. ಕ್ಲಚ್ಚು ಒತ್ತು... ಕಾಲು ಹಗುರ, ಹಗುರ..."

ನೊರೆಯ ಮೇಲೆ ಬ್ಲೇಡು ಮೆಲ್ಲಗೆ ಇಳಿಯುತ್ತಿತ್ತು. ಔಷಧಿ ಅಂಗಡಿಯವಳು ಪಕ್ಕದ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿದಳು, ಮತ್ತೊಮ್ಮೆ ನೋಡಿದಳು.

"ಮಾಸ್ಟ್ರೇ, ಹಿಂದೆ ಯಾರೋ ಕಾರಿಗೆ ಶೇವಿಂಗ್ ಮಾಡ್ತಿದ್ದಾರೆ."

"ಹೌದಮ್ಮ. ಹಿಂದೆ ಏನೇ ಕಂಡ್ರೂ ಗಾಬರಿ ಆಗಬಾರದು. ಎರಡನೇ ಗೇರು ಹಾಕು."